ಹಿರಿಯಾಕೆಗೇ ಫೋನ್ ಮಾಡುವ ಡಬ್ಬಿ

ಟಕ್. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಮತ್ತೆ ಟಕ್.

ಆ ವರ್ಷ ಸಿಂಧನೂರಿನ ನಮ್ಮ ಮನೆಯಲ್ಲಿ ನನ್ನ ಊಟ, ನಿದ್ದೆ, ಪೇಪರ್ ಓದುವುದು ಎಲ್ಲವೂ ಈ ಎರಡು ಟಕ್‌ಗಳ ನಡುವೆಯೇ ಆದವು. ಸದ್ದು ಮುಂದಿನ ಕೋಣೆಯದು. ರಿಲೇ ಅಂತ ಒಂದು ವಸ್ತು, ಅರ್ಧ ಬೆಂಕಿಪೊಟ್ಟಣದಷ್ಟು, ನೀಲಿ ಬಣ್ಣ. ಅದರೊಳಗೆ ಒಂದು ತಗಡಿನ ನಾಲಿಗೆ ಅತ್ತಿತ್ತ ಬಡಿಯುತ್ತದೆ. ಆ ಬಡಿತಕ್ಕೆ ಎಲ್ಲೋ ಹೊಲದಲ್ಲಿ ಮೋಟಾರ್ ಶುರುವಾಗಬೇಕು, ಇಲ್ಲ ನಿಲ್ಲಬೇಕು. ನಮ್ಮ ಮುಂದಿನ ಕೋಣೆಯಲ್ಲಿ ಹೊಲ ಇರಲಿಲ್ಲವಾದ್ದರಿಂದ ಏನೂ ಶುರುವಾಗುತ್ತಿರಲಿಲ್ಲ. ಬರೀ ಟಕ್. ಈಗ ಆ ಸದ್ದಿಲ್ಲ, ಮಧ್ಯಾಹ್ನದ ನಿದ್ದೆ ಚೆನ್ನಾಗಿ ಬರುತ್ತದೆ. ಅದನ್ನು ದೊಡ್ಡ ಲಾಭ ಅಂತ ಹೇಳಲಾರೆ.

ಮುಂದಿನ ಎರಡು ಕೋಣೆಗಳನ್ನು ನಾನು ಒಂದು ಮೋಟಾರ್ ವೈಂಡಿಂಗ್ ಅಂಗಡಿಗೆ ಬಾಡಿಗೆ ಕೊಟ್ಟಿದ್ದೆ. ಬಾಡಿಗೆಗಿದ್ದವರು ಅಣ್ಣ ತಂಗಿ ಇಬ್ಬರು. ಅಂಗಡಿ ನಡೆಸುತ್ತಿದ್ದವನು ಅಣ್ಣ. ಸುಟ್ಟ ಮೋಟಾರುಗಳ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತುವುದು ಅವರ ಮನೆತನದ ಕಸುಬು, ಅಪ್ಪನಿಂದ ಬಂದದ್ದು. ತಂಗಿ ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಮುಗಿಸಿ, ಎರಡು ಕಡೆ ಕೆಲಸ ಮಾಡಿ, ಎರಡೂ ಕಡೆ ಮ್ಯಾನೇಜರನಿಗೆ ಎದುರು ಮಾತಾಡಿ ವಾಪಸ್ ಬಂದಿದ್ದಳು. ಅಂಗಡಿಯ ಮೂಲೆಯ ಒಂದು ಟೇಬಲ್ ಆಕೆಯದು. ಅದರ ಮೇಲೆ ಹಳೆಯ ಲ್ಯಾಪ್‌ಟಾಪ್, ಬೆಸುಗೆ ಹಾಕುವ ಕಾವಿನ ಕಡ್ಡಿ, ಮತ್ತು ಆಕೆ ತಯಾರಿಸುತ್ತಿದ್ದ ಡಬ್ಬಿಗಳು. ಬೋರ್‌ವೆಲ್ಲಿನ ಸ್ಟಾರ್ಟರಿನ ಪಕ್ಕದಲ್ಲಿ ಗೋಡೆಗೆ ಹೊಡೆಯುವ ಡಬ್ಬಿ. ಒಳಗೆ ಒಂದು ಚಿಪ್, ಒಂದು ಸಿಮ್ ಕಾರ್ಡ್, ಮೇಲೆ ಹೇಳಿದ ರಿಲೇ. ಹೊಲದವರು ಮನೆಯಿಂದಲೇ ಫೋನ್ ಮಾಡಿ ಮೋಟಾರ್ ಹಚ್ಚಬಹುದು, ಆರಿಸಬಹುದು.

ಅಣ್ಣನಿಗೆ ಆ ಟೇಬಲಿನ ಮೇಲೆ ಬೇರೆ ಯೋಚನೆ ಇತ್ತು. ಹೆಂಡತಿಯ ತಮ್ಮ ಮೊಬೈಲ್ ರೀಚಾರ್ಜಿನ ಅಂಗಡಿ ಹಾಕಬೇಕು ಅಂತ ಜೀವ ತಿನ್ನುತ್ತಿದ್ದ. ಅಣ್ಣ ಒಂದು ದಿನ ನನ್ನ ಎದುರಿಗೇ ಷರತ್ತು ಹಾಕಿದ.

"ಟೀಚರಮ್ಮಾ, ನೀವ ಸಾಕ್ಷಿ ನೋಡ್ರಿ. ಈಕಿಗೆ ಭತ್ತ ಕೊಯ್ಯೂತನ ಟೈಮ್ ಕೊಟ್ಟೀನಿ. ಕೊಟ್ಟ ಡಬ್ಬಿ ಒಂದೂ ವಾಪಸ್ ಬರಬಾರದು. ಬಂತಂದ್ರ ಟೇಬಲ್ ಖಾಲಿ."

"ನೀ ಸುತ್ತಿದ ಮೋಟಾರ್ ದಿನಾ ವಾಪಸ್ ಬರ್ತಾವ, ನಾ ಏನರ ಅಂದೀನೇನು ಭಾಯಿ?" ಎಂದಳು ತಂಗಿ.

"ಮೋಟಾರ್ ಸುಡೋದು ಅದರ ಗುಣ. ನಿನ್ನ ಡಬ್ಬಿ ಸುಡೂದಿಲ್ಲ, ಸುಳ್ಳು ಹೇಳತೈತಿ. ಸುಟ್ಟದ್ದನ್ನ ಸುತ್ತಬಹುದು. ಸುಳ್ಳು ಹೇಳಿದ್ದನ್ನ ಎಲ್ಲಿಂದ ಬಿಚ್ಚಲಿ?"

ಟೇಬಲ್ ಹೋದರೆ ಮುಂದೇನು ಎಂಬುದು ಮೂವರಿಗೂ ಗೊತ್ತಿತ್ತು. ಆಕೆಯನ್ನು ನೋಡಲು ಒಂದು ಕಡೆಯವರು ಎರಡು ಸಲ ಬಂದು ಹೋಗಿದ್ದರು. ಹುಡುಗನದು ಚಪ್ಪಲಿ ಅಂಗಡಿ. ಮೂರನೆಯ ಸಲ ಬಂದರೆ ಇಲ್ಲ ಅನ್ನಲು ಆಕೆಯ ಕೈಯಲ್ಲಿ ಒಂದು ಕೆಲಸ ಇರಬೇಕಿತ್ತು.

ನಾನು ಇದರೊಳಗೆ ಸೇರಿಕೊಂಡದ್ದು ಇಂಗ್ಲಿಷಿನ ದೆಸೆಯಿಂದ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು; ನನಗೆ ಕಲಿಸಿದ್ದು ಸಿಕಂದರಾಬಾದಿನ ಒಂದು ಕಾನ್ವೆಂಟಿನ ಸಿಸ್ಟರ್. ತಂಗಿ ಡಿಪ್ಲೊಮಾದ ತನಕ ಕನ್ನಡ ಮೀಡಿಯಮ್ಮಿನಲ್ಲಿ ಬಂದವಳು. ಚಿಪ್ಪಿಗೆ ಏನು ಮಾಡಬೇಕು ಅಂತ ಹೇಳಲು ಸಿ ಎಂಬ ಭಾಷೆಯಲ್ಲಿ ಬರೆಯಬೇಕು. ಬರೆದದ್ದನ್ನು ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಮ್ ಓದುತ್ತದೆ. ತಪ್ಪಿಲ್ಲದಿದ್ದರೆ ಚಿಪ್ಪಿಗೆ ತಿಳಿಯುವ ಹಾಗೆ ಅರೆದು ಕೊಡುತ್ತದೆ, ಒಂದು ವೈರಿನಲ್ಲಿ ಅದು ಚಿಪ್ಪಿನೊಳಗೆ ಇಳಿಯುತ್ತದೆ. ತಪ್ಪಿದ್ದರೆ ಕೆಂಪು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬೈಯುತ್ತದೆ.

"ಟೀಚರಮ್ಮಾ, ಸ್ವಲ್ಪ ಬರ್ರೀ ಇಲ್ಲಿ. ಮತ್ತ ಬೈಯಾಕತ್ತೈತಿ."

ನಾನು ಕನ್ನಡಕ ಹಾಕಿಕೊಂಡು ಹೋಗಿ ಓದುತ್ತಿದ್ದೆ. ಎಕ್ಸ್‌ಪೆಕ್ಟೆಡ್ ಸೆಮಿಕೋಲನ್. ನಾಟ್ ಡಿಕ್ಲೇರ್ಡ್ ಇನ್ ದಿಸ್ ಸ್ಕೋಪ್. ಸಿ ಎಂಬುದನ್ನು ಕಂಡುಹಿಡಿದದ್ದು ನಮ್ಮ ಸಿಸ್ಟರೇ ಇರಬೇಕು ಅಂತ ನನಗೆ ಮೊದಲ ವಾರವೇ ಅನ್ನಿಸಿತು. ಪ್ರತಿ ವಾಕ್ಯದ ಕೊನೆಗೆ ಚಿಹ್ನೆ ಬೇಕು. ತೆರೆದ ಬ್ರಾಕೆಟ್ ಮುಚ್ಚಬೇಕು. ಪರಿಚಯ ಹೇಳದೆ ಯಾರೂ ಒಳಗೆ ಬರುವಂತಿಲ್ಲ. ಕ್ಯಾಪಿಟಲ್ ಅಕ್ಷರದ ಹೆಸರೇ ಬೇರೆ, ಸ್ಮಾಲ್ ಅಕ್ಷರದ ಹೆಸರೇ ಬೇರೆ. ಕೆಲಸ ನೆಟ್ಟಗೆ ಆಯಿತು ಅನ್ನಲು ಸೊನ್ನೆ ವಾಪಸ್ ಕೊಡುವ ಪದ್ಧತಿಯೂ ಇದೆ. ಸೊನ್ನೆ ಬಂದರೆ ಎಲ್ಲವೂ ಸರಿ. ನನ್ನ ಕೆಲವು ವಿದ್ಯಾರ್ಥಿಗಳು ಈ ಭಾಷೆಯಲ್ಲಿ ಬಹಳ ಮುಂದೆ ಬರುತ್ತಿದ್ದರು. ಒಂದು ಫುಲ್‌ಸ್ಟಾಪ್ ಹಾಕಿಸಲು ನಾನು ಸರ್ವಿಸ್ ಪೂರ್ತಿ ಒದ್ದಾಡಿದ್ದೆ. ಈ ಕಂಪೈಲರ್ ಒಂದು ಚಿಹ್ನೆ ಬಿಟ್ಟದ್ದಕ್ಕೆ ಇಡೀ ಹೊಲದ ನೀರು ನಿಲ್ಲಿಸುತ್ತಿತ್ತು. ನನಗೆ ಅದರ ಮೇಲೆ ಗೌರವ ಬಂತು.

ಎರಡನೆಯ ಸೇವೆ ನನ್ನ ದನಿಯದು. ಡಬ್ಬಿ ಫೋನಿನಲ್ಲಿ ಮಾತಾಡಬೇಕಿತ್ತು. ತಂಗಿಯ ದನಿಯನ್ನೇ ಹಾಕಬಹುದಿತ್ತು. ಅಣ್ಣ ಒಪ್ಪಲಿಲ್ಲ.

"ಊರ ಮಂದಿ ಎಲ್ಲಾ ಫೋನ್‌ನಾಗ ತಂಗಿ ದನಿ ಕೇಳ್ಕೋತ ಕುಂಡ್ರೂದು ಬ್ಯಾಡ. ನಕ್ಕೋ ಬೋಲೇತೋ ನಕ್ಕೋ, ಬ್ಯಾಡಂದ್ರ ಬ್ಯಾಡ."

"ಮತ್ತ ಯಾರ್ದು ಹಾಕ್ಲಿ?"

ಅಣ್ಣ ನನ್ನ ಕಡೆ ನೋಡಿದ. "ಟೀಚರಮ್ಮಂದು ಹಾಕು. ಅವ್ರ ದನಿಗೆ ಯಾರೂ ಏನೂ ಅನ್ನಾಂಗಿಲ್ಲ."

ಇದನ್ನು ಆತ ಗೌರವದಿಂದಲೇ ಹೇಳಿದ. ಹಿಂದಿನ ಉಗ್ರಾಣದಲ್ಲಿ, ಸದ್ದು ಬರಬಾರದು ಅಂತ ಬಾಗಿಲಿಗೆ ಕೌದಿ ಇಳಿಬಿಟ್ಟು, ಅಕ್ಕಿ ಚೀಲದ ಮೇಲೆ ಕೂತು ನಾನು ಹೇಳಿದೆ: "ಈಗ ನಿಮ್ಮ ಪಾಳಿ ಆರಂಭವಾಗಿದೆ. ದಯವಿಟ್ಟು ನಿಮ್ಮ ವಾಲ್ವ್ ತೆರೆಯಿರಿ." 'ನಿಮ್ಮ ಪಾಳಿ ಬಂತ್ರಿ' ಅಂತ ಹೇಳಿದರೆ ಸಾಕು ಅಂದಳು ತಂಗಿ. ನಾನು ಎಲೊಕ್ಯೂಶನ್ನಿನಲ್ಲಿ ಪ್ರೈಜ್ ತಗೊಂಡವಳು. ಒಪ್ಪಲಿಲ್ಲ.

ಪಾಳಿ ಅಂದದ್ದು ಗುರುಗುಂಟಾದ ಗಿರಾಕಿಗಳಿಗಾಗಿ. ಅದು ಲಿಂಗಸುಗೂರಿನ ಆಚೆಯ ಒಣಭೂಮಿಯ ಊರು. ಸಿಂಧನೂರಿನ ಹಾಗೆ ಅಲ್ಲಿ ಬಾಗಿಲ ಮುಂದೆ ಕಾಲುವೆ ಹರಿಯುವುದಿಲ್ಲ. ಇಬ್ಬರು ನೆಗೆಣ್ಣಿಯರು, ಅಂದರೆ ಅಣ್ಣತಮ್ಮಂದಿರ ಹೆಂಡಿರು. ಇಬ್ಬರಿಗೂ ಸೇರಿ ಒಂದೇ ಬೋರ್. ಗಂಡಂದಿರು ಕುರಿಹಿಂಡಿನ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಹೊಲ ನೋಡುವವರು ಇವರೇ. ಹಿರಿಯಾಕೆಯದು ಹತ್ತಿ, ಕಿರಿಯಾಕೆಯದು ಮೆಣಸಿನಕಾಯಿ. ಒಬ್ಬೊಬ್ಬರಿಗೆ ಇಷ್ಟಿಷ್ಟು ತಾಸು ಅಂತ ಪಾಳಿ. ತ್ರೀ ಫೇಸ್ ಕರೆಂಟ್ ಇದ್ದ ಹೊತ್ತನ್ನು ಮಾತ್ರ ಎಣಿಸುವುದು. ಕರೆಂಟ್ ಹೋದರೆ ಪಾಳಿ ಅಲ್ಲೇ ನಿಲ್ಲುತ್ತದೆ, ಬಂದ ಮೇಲೆ ಯಾರದಿತ್ತೋ ಅವರದೇ ಮುಂದುವರಿಯುತ್ತದೆ. ಈ ಎಣಿಕೆಯ ಮೇಲೆ ಇಬ್ಬರೂ ದಿನಾ ಜಗಳ ಆಡಿ ಆಡಿ ಸಾಕಾಗಿ, ನಾವು ಎಣಿಸುವುದು ಬೇಡ, ಡಬ್ಬಿಯೇ ಎಣಿಸಲಿ ಎಂದು ಬಂದಿದ್ದರು. ಡಬ್ಬಿ ತಾಸು ಎಣಿಸುತ್ತದೆ. ಪಾಳಿ ಯಾರದೋ ಅವರಿಗೆ ಫೋನ್ ಮಾಡುತ್ತದೆ. ಅವರು ಹೋಗಿ ತಮ್ಮ ಕಡೆಯ ವಾಲ್ವ್ ತಿರುಗಿಸುತ್ತಾರೆ.

"ಯಾರದು ಮೊದಲು ಹಚ್ಚಲಿ?" ಅಂತ ತಂಗಿ ಆ ದಿನ ಕೇಳಿದ್ದಳು.

"ಹಿರೇರದು ಮೊದಲು. ಇದನ್ನೇನ್ ಕೇಳ್ತಿ?" ಅಂದಿದ್ದಳು ಕಿರಿಯಾಕೆಯೇ.

ಡಬ್ಬಿ ಗುರುಗುಂಟಾಕ್ಕೆ ಹೋಯಿತು. ಹತ್ತಿ ಹೂ ಬಿಡುವ ಕಾಲ ಬಂತು. ನಮ್ಮ ಕಡೆ ಗೊರೇಬಾಳದ ಗದ್ದೆಗಳಲ್ಲಿ ಭತ್ತ ಹೊಡೆ ಕಟ್ಟಿತು. ಒಂದೂ ಡಬ್ಬಿ ವಾಪಸ್ ಬರಲಿಲ್ಲ. ಹೆಂಡತಿಯ ತಮ್ಮ ಬಂದು ಟೇಬಲಿನ ಅಳತೆ ತೆಗೆದುಕೊಂಡು ಹೋದದ್ದು ಬಿಟ್ಟರೆ ಎಲ್ಲವೂ ಶಾಂತವಾಗಿತ್ತು.

ಒಂದು ಬೆಳಿಗ್ಗೆ ನಾನು ಕಟ್ಟೆಯ ಮೇಲೆ ನಿಂತು ಹಾಲಿನವನಿಗೆ, ಹಾಲು ತೆಳ್ಳಗಾಗಿದೆ, ಇದನ್ನು ಎರಡನೆಯ ಸಲ ಹೇಳುತ್ತಿದ್ದೇನೆ, ದಯವಿಟ್ಟು ಗಮನಿಸಿ ಅಂತ ಹೇಳುತ್ತಿದ್ದೆ. ರಸ್ತೆಯಲ್ಲಿ ಚೀಲ ಹಿಡಿದು ಹೋಗುತ್ತಿದ್ದ ಒಬ್ಬ ಹೆಣ್ಣುಮಗಳು ಗಕ್ಕನೆ ನಿಂತಳು.

"ಇದ ದನಿ!" ಅಂದಳು. "ನೀವ ಏನ್ರೀ ಆಕಿ? ದಿನಾ ನಮ್ಮ ಅಕ್ಕಗ ಫೋನ್ ಮಾಡಾಕಿ?"

ಹಾಲಿನವನು ಇದೇ ಸಮಯ ನೋಡಿ ಹೋಗಿಬಿಟ್ಟ.

"ಯಾವ ಅಕ್ಕ ತಾಯಿ?" ಅಂದೆ.

"ಯಾವ ಅಕ್ಕ ಅಂತ! ಕರೆಂಟ್ ಬಂತು ಅಂದ್ರ ಸಾಕು, ಆಕಿಗೇ ಫೋನು. ಹೋತು ಬಂತು, ಮತ್ತ ಆಕಿಗೇ. ನಾ ಏನ್ ಮಾಡೀನ್ರೀ ನಿಮಗ? ನನ್ನ ಮ್ಯಾಲ ಏನ್ ಸಿಟ್ಟು? ಆಕಿ ಏನರ ಕೊಟ್ಟಾಳೇನು ನಿಮಗ? ತುಪ್ಪ ಕೊಟ್ಟಾಳ, ಹೌದಿಲ್ಲೋ?"

ಗುರುಗುಂಟಾದ ಕಿರಿಯಾಕೆ ಅಂತ ಆಗ ಗೊತ್ತಾಯಿತು. ಚೀಲದಿಂದ ಡಬ್ಬಿ ಹೊರಗೆ ಬಂತು. ಸ್ಕ್ರೂ ತೆಗೆಯಲು ಏನೂ ಸಿಗದೆ, ಕರೆಂಟ್ ಹೋದ ಹೊತ್ತು ನೋಡಿ, ಕುಡಗೋಲಿನಿಂದ ಗೋಡೆಯಿಂದ ಎಬ್ಬಿಸಿದ್ದಳು. ಒಂದು ಮೂಲೆಯಲ್ಲಿ ಗೋಡೆಯ ಗಾರೆ ಇನ್ನೂ ಅಂಟಿತ್ತು.

ಅಣ್ಣ ಒಳಗಿನಿಂದ ಬಂದ. ಡಬ್ಬಿ ನೋಡಿದ. ತಂಗಿಯನ್ನು ನೋಡಿದ. "ಬಂತಲ್ಲ," ಅಂದ.

"ರಿಪೇರಿಗೆ ಬಂದೈತಿ. ವಾಪಸ್ ಅಲ್ಲ," ಅಂದಳು ತಂಗಿ.

"ಇವತ್ತ ಸಂಜೀಕ ಹೋಗಿ ಅಲ್ಲಿ ಗ್ವಾಡಿಗೆ ಕುಂತ್ರ ರಿಪೇರಿ. ಕುಂಡ್ರಲಿಲ್ಲಾ, ವಾಪಸ್."

ಕಿರಿಯಾಕೆಗೆ ಚಹಾ ಕೊಟ್ಟು ಕೂರಿಸಿ, ತಂಗಿ ಡಬ್ಬಿಯನ್ನು ಟೇಬಲಿನ ಮೇಲೆ ಹಚ್ಚಿದಳು. ಎಲ್ಲ ಸರಿಯಾಗಿತ್ತು. ಒಳಗಿನ ಪರೀಕ್ಷೆಯ ಗುಂಡಿ ಒತ್ತಿದಳು, ಪಾಳಿ ಮುಗಿಯಿತು, ಕಿರಿಯಾಕೆಯ ಫೋನ್ ಹೊಡೆದುಕೊಂಡಿತು. ಆಕೆ ಅದನ್ನು ಎತ್ತಿ ನನ್ನ ಮುಖ ನೋಡಿದಳು. ನನ್ನ ತುಟಿ ಅಲ್ಲಾಡುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು. ಆಗ ತುಪ್ಪದ ವಿಷಯ ಸ್ವಲ್ಪ ತಣ್ಣಗಾಯಿತು. ಆಮೇಲೆ ತಂಗಿ ಪ್ಲಗ್ಗನ್ನೇ ಕಿತ್ತಳು. ಮತ್ತೆ ಹಾಕಿದಳು. ಡಬ್ಬಿ ಹಿರಿಯಾಕೆಗೆ ಫೋನ್ ಮಾಡಿತು. ಕಿತ್ತಳು, ಹಾಕಿದಳು. ಹಿರಿಯಾಕೆಗೆ.

ಚಿಪ್ಪಿನ ಪ್ರೋಗ್ರಾಮಿಗೆ ಎರಡು ಭಾಗ. ಮೊದಲ ಭಾಗ ಕರೆಂಟ್ ಬಂದಾಗ ಒಂದೇ ಒಂದು ಸಲ ನಡೆಯುತ್ತದೆ. ಎರಡನೆಯದು ಕರೆಂಟ್ ಇರುವ ತನಕ ಗಾಣದ ಎತ್ತಿನ ಹಾಗೆ ಸುತ್ತುತ್ತದೆ. ಮೊದಲ ಭಾಗದಲ್ಲಿ ತಂಗಿ ಬರೆದಿದ್ದಳು: ಪಾಳಿ ಈಕ್ವಲ್ಸ್ ದೊಡ್ಡಾಕಿ. ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತಿನಲ್ಲೇ ಇಟ್ಟಿದ್ದಳು. ಯಾರ ಪಾಳಿ ನಡೆದಿದೆ ಎಂಬ ನೆನಪು ಚಿಪ್ಪಿಗೆ ಕರೆಂಟ್ ಇರುವ ತನಕ ಮಾತ್ರ. ಹೋಗಿ ಬಂದರೆ ಅದಕ್ಕೆ ಅದು ಜೀವನದ ಮೊದಲ ದಿನ. ಮೊದಲ ದಿನ ಹಿರಿಯರದು ಮೊದಲು. ಆಕೆಯ ಟೇಬಲಿಗೆ ನನ್ನ ಇನ್ವರ್ಟರಿನ ಲೈನು ಇತ್ತು, ಇಲ್ಲಿ ಕರೆಂಟ್ ಹೋದದ್ದೇ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಗುರುಗುಂಟಾದಲ್ಲಿ ಗೊತ್ತಾಗುತ್ತಿತ್ತು.

"ಹೋದ ಅಮಾಸಿಗೆ ಕರೆಂಟ್ ಹೋಗಿ ಬರೂದು ಹೆಚ್ಚಾದಾಗಿಂದ ಹಿಂಗ ಆಗೈತಿ ಅಂತಿ. ಇಷ್ಟು ದಿನ ಯಾಕ ಹೇಳ್ಲಿಲ್ಲ?" ತಂಗಿ ಕೇಳಿದಳು.

ಕಿರಿಯಾಕೆ ಬಸಿಯಲ್ಲಿ ಚಹಾ ಹಾಕಿಕೊಂಡಳು. "ಊಟಕ್ಕ ಆಕಿದ ಮೊದಲು. ಅರಿಷಿಣ ಕುಂಕುಮಕ್ಕ ಆಕಿದ ಮೊದಲು. ಫೋನೂ ಮೊದಲು ಆಕಿಗೇ ಬರತೈತಿ ಅಂದ್ರ, ಹಂಗ ಇರಬೇಕು ಬಿಡು ಅಂದ್ಕೊಂಡೆ. ಗಿಡ ಬಾಡಿದ ಮ್ಯಾಲ ಸಿಟ್ಟು ಬಂತು."

ಅಷ್ಟೂ ವಾರ ಆ ತಪ್ಪು ತಪ್ಪಿನ ಹಾಗೆ ಕಾಣಿಸಲೇ ಇಲ್ಲ. ಮನೆಯ ಪದ್ಧತಿಯ ಹಾಗೆ ಕಂಡಿತು. ಕಂಪೈಲರಿಗೂ ಅದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ವಾಕ್ಯ ಸರಿಯಾಗಿತ್ತು.

ಕರೆಂಟ್ ಹೋದರೂ ಮರೆಯದ ಸ್ವಲ್ಪ ಜಾಗ ಚಿಪ್ಪಿನಲ್ಲೇ ಇರುತ್ತದೆ ಅಂತ ತಂಗಿಗೆ ಗೊತ್ತಿತ್ತು, ಯಾವತ್ತೂ ಬಳಸಿರಲಿಲ್ಲ. ಚಿಪ್ಪಿನ ಮ್ಯಾನ್ಯುಯಲ್ ತೆರೆದು ನಾನು ಓದಿದೆ, ಆಕೆ ಬರೆದಳು. ಆ ಮ್ಯಾನ್ಯುಯಲ್ಲಿನ ಇಂಗ್ಲಿಷ್ ಒಳ್ಳೆಯದು. ಯಾರೋ ಶ್ಯಾಲ್ ಮತ್ತು ವಿಲ್ ಬೇರೆ ಬೇರೆ ಎಂದು ತಿಳಿದವರು ಬರೆದಿದ್ದಾರೆ. ಆ ಜಾಗಕ್ಕೂ ಒಂದು ಮಿತಿ ಇದೆ ಎಂದಿತ್ತು. ಬರೆದು ಅಳಿಸಿ ಬರೆದರೆ ಒಂದು ದಿನ ಸವೆಯುತ್ತದೆ. ಆದ್ದರಿಂದ ಕ್ಷಣಕ್ಷಣಕ್ಕೆ ಬರೆಯದೆ, ಪಾಳಿ ಬದಲಾದಾಗ ಮತ್ತು ಕಾಲು ತಾಸಿಗೊಮ್ಮೆ ಬರೆಯುವುದು ಎಂದು ಇಟ್ಟಳು.

"ಆ ಕಾಲು ತಾಸಿನ ನಡುವ ಕರೆಂಟ್ ಹೋದ್ರ?" ಅಂದಳು ಕಿರಿಯಾಕೆ.

"ಅಷ್ಟು ಹೊತ್ತಿನ ಲೆಕ್ಕ ಹೋಗತೈತಿ. ಅಷ್ಟು ಇಬ್ರೂ ತಡ್ಕೊಂಡು ಸೋಸ್ಕೋಬೇಕು."

"ನಾ ಸೋಸ್ಕೋತೀನಿ. ಆಕಿ?"

ಮೂವರೂ ಬಸ್ಸಿಗೆ ಹೋದೆವು. ನಾನು ಬರಬೇಕೆಂದು ಹಠ ಹಿಡಿದವಳು ಕಿರಿಯಾಕೆ. ನಾನು ಯಾರ ಪಕ್ಷವೂ ಅಲ್ಲವೆಂದು ತನ್ನ ಅಕ್ಕನ ಮುಂದೆ ನನ್ನ ಬಾಯಿಂದಲೇ ಹೇಳಿಸಬೇಕಿತ್ತಂತೆ. ಮಸ್ಕಿಯ ತನಕ ಸೀಟು ಸಿಗಲಿಲ್ಲ. ಮಸ್ಕಿಯಲ್ಲಿ ಸಿಕ್ಕಿತು. ಲಿಂಗಸುಗೂರಿನಲ್ಲಿ ಬಸ್ ಬದಲಿಸಿ, ಮಿರ್ಚಿ ಭಜಿ ತಿಂದು, ಮಧ್ಯಾಹ್ನ ಹೊರಳುವ ಹೊತ್ತಿಗೆ ಗುರುಗುಂಟಾದ ಹೊಲದ ಮೋಟಾರ್ ಕೋಣೆಯ ಮುಂದೆ ಇಳಿದೆವು. ಅಣ್ಣ ದಾರಿಯಲ್ಲಿ ಎರಡು ಸಲ ಫೋನ್ ಮಾಡಿದ. ಎರಡು ಸಲವೂ ತಂಗಿ ಎತ್ತಲಿಲ್ಲ.

ಹಿರಿಯಾಕೆ ಬಂದಳು. ಎತ್ತರದ ಆಳು, ದೊಡ್ಡ ಮೂಗುತಿ. ನನ್ನನ್ನು ನೋಡಿ ಕೈ ಮುಗಿದಳು.

"ಬರ್ರೀ ಟೀಚರಮ್ಮಾ. ದಿನಾ ನೀವ ಫೋನ್ ಮಾಡ್ತಿದ್ರಿ, ನೀರು ಬಿಡ್ರಿ ಅಂತ. ನಾ ಹೂಂರೀ ಅಂತಿದ್ದೆ. ನೀವು ಒಂದಿನಾನೂ ಊಟಾತೇನು ಅನ್ಲಿಲ್ಲ ನೋಡ್ರಿ."

"ಅವ್ರಲ್ಲ ಅಕ್ಕಾ, ಮಷೀನು," ಅಂದಳು ಕಿರಿಯಾಕೆ.

"ನೀ ಸುಮ್ನಿರು. ಡಬ್ಬಿ ಕಳವು ಮಾಡ್ಕೊಂಡು ಹೋದಾಕಿ."

ತಂಗಿ ಲ್ಯಾಪ್‌ಟಾಪನ್ನು ಪೈಪಿನ ಮೇಲೆ ಇಟ್ಟು, ಡಬ್ಬಿಗೆ ವೈರ್ ಹಾಕಿದಳು. ಮೊದಲ ಭಾಗದ ಆ ಒಂದು ಸಾಲು ಇನ್ನೂ ಬರೆಯುವುದಿತ್ತು. ಹೊಸ ಜಾಗದಲ್ಲಿ ಇನ್ನೂ ಏನೂ ಇಲ್ಲ. ಅಲ್ಲಿ ಮೊದಲು ಯಾರ ಹೆಸರು ಬರೆಯಬೇಕು?

"ಹಿರೇರದು ಮೊದಲು," ಅಂದಳು ಹಿರಿಯಾಕೆ.

"ಇಷ್ಟು ದಿನ ಹಿರೇರದ ಆಗೈತಿ. ಈಗ ನಂದು. ಇಲ್ಲಾಂದ್ರ ಡಬ್ಬಿ ಗ್ವಾಡಿಗೆ ಹಚ್ಚಾಕ ಬಿಡಾಂಗಿಲ್ಲ."

"ಆಕಿದು ಮೊದಲು ಹಚ್ಚಿದ್ರ ನಾ ಬಿಡಾಂಗಿಲ್ಲ. ಮನ್ಯಾಗ ಒಂದು ಕ್ರಮ ಅಂತ ಐತ್ರೀ."

"ಎಷ್ಟು ತಾಸು ನಂದು ನೀ ತಿಂದಿ ಹೇಳು, ಅಷ್ಟು ಕೊಡು."

"ನಾ ತಿಂದಿಲ್ಲ, ಅವ್ರು ಕೊಟ್ರು." ನನ್ನ ಕಡೆ ಕೈ ತೋರಿಸಿದಳು.

ಎಷ್ಟು ತಾಸು ಎಂದು ಯಾರಿಗೂ ಗೊತ್ತಿರಲಿಲ್ಲ. ಡಬ್ಬಿಗಂತೂ ಗೊತ್ತಿರಲಿಲ್ಲ. ನಾನು, ನನ್ನದು ಯಾರ ಪಕ್ಷವೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಇಬ್ಬರೂ ಆ ದನಿಗೆ ಹೂಂರೀ ಅಂದರು, ಆಮೇಲೆ ಮತ್ತೆ ಶುರು ಮಾಡಿದರು. ಹೊತ್ತು ಇಳಿಯುತ್ತಿತ್ತು. ಒಬ್ಬಾಕೆ ಒಪ್ಪದಿದ್ದರೂ ಡಬ್ಬಿ ನಮ್ಮ ಜೊತೆ ಸಿಂಧನೂರಿಗೆ ಬರಬೇಕು, ಅದು ಬಂದರೆ ಟೇಬಲ್ ಹೋಗಬೇಕು. ತಂಗಿ ಉಗುರು ಕಚ್ಚುತ್ತ ಡಬ್ಬಿಯ ಒಳಗನ್ನೇ ನೋಡುತ್ತಿದ್ದಳು. ಆಮೇಲೆ ಸ್ಕ್ರೂಡ್ರೈವರಿನ ತುದಿಯಿಂದ ಚಿಪ್ಪಿನ ಒಂದು ಕಾಲು ತೋರಿಸಿದಳು.

"ಇಲ್ಲಿ ನೋಡ್ರಿ ಇಬ್ರೂ. ಈ ಚಿಪ್ಪಿಗೆ ಇಷ್ಟು ಕಾಲು ಅದಾವ. ಎಲ್ಲಾ ಯಾವುದಕ್ಕರ ಕಟ್ಟೀನಿ. ಈ ಒಂದು ಕಾಲು ಯಾವುದಕ್ಕೂ ಕಟ್ಟಿಲ್ಲ. ಗಾಳ್ಯಾಗ ಐತಿ. ಇದನ್ನ ಏನಪಾ ನಿನ್ನ ಲೆಕ್ಕ ಅಂತ ಕೇಳಿದ್ರ ಸುಮ್ನ ಏನರ ಒಂದು ಅಂಕಿ ಹೇಳತೈತಿ. ಏನ್ ಹೇಳತೈತಿ ಅಂತ ನನಗೂ ಗೊತ್ತಾಗಾಂಗಿಲ್ಲ. ಸರಿ ಅಂಕಿ ಬಂದ್ರ ದೊಡ್ಡಾಕಿದು ಮೊದಲು. ಬೆಸ ಬಂದ್ರ ಸಣ್ಣಾಕಿದು."

ಇಬ್ಬರೂ ಬಗ್ಗಿ ನೋಡಿದರು.

"ದೇವರ ಮುಂದ ಹೂ ಕೇಳಿದಂಗ," ಅಂದಳು ಹಿರಿಯಾಕೆ. ನಮ್ಮ ಕಡೆ ಗುಡಿಯಲ್ಲಿ ಹಾಗೆ ಕೇಳುವುದುಂಟು. ಮೂರ್ತಿಯ ಬಲಗಡೆಯಿಂದ ಹೂ ಬಿದ್ದರೆ ಹೌದು, ಎಡಗಡೆಯಿಂದ ಬಿದ್ದರೆ ಅಲ್ಲ.

"ದೇವರಲ್ರೀ ಅದು. ಅನಲಾಗ್ ಪಿನ್," ಅಂದಳು ತಂಗಿ.

"ಆಗ್ಲಿ ಬಿಡು. ಯಾರಾದ್ರೇನು, ಪಕ್ಷ ಇಲ್ಲದವ್ರು ಆದ್ರ ಸಾಕು."

ಕಿರಿಯಾಕೆ ಮೋಟಾರ್ ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಬಂದಳು. ಅದನ್ನು ನೋಡಿ ಹಿರಿಯಾಕೆಯೂ ಬಿಟ್ಟಳು. ನಾನೂ ಬಿಡಬೇಕೋ ಎಂದು ಯೋಚಿಸಿ, ಮಂಡಿ ನೋವಿನ ಕಾರಣಕ್ಕೆ ಬಿಡಲಿಲ್ಲ.

ತಂಗಿ ನಾಲ್ಕು ಸಾಲು ಬರೆದು ಕಂಪೈಲ್ ಒತ್ತಿದಳು. ಕೆಂಪು ಅಕ್ಷರ ಬಂತು.

"ಏನಂತದು?" ಹಿರಿಯಾಕೆ ಕೇಳಿದಳು.

ನಾನು ಓದಿದೆ. ನಾಟ್ ಡಿಕ್ಲೇರ್ಡ್. "ಯಾರೋ ಪರಿಚಯ ಹೇಳದೆ ಒಳಗೆ ಬಂದಿದ್ದಾರಂತೆ."

"ಯಾರದು?" ಕಿರಿಯಾಕೆ ತಿರುಗಿ ಬಾಗಿಲ ಕಡೆ ನೋಡಿದಳು.

ತಂಗಿ ಗಡಬಡಿಯಲ್ಲಿ ಆ ಕಾಲಿಗೆ ಹೆಸರಿಡುವುದನ್ನು ಮರೆತಿದ್ದಳು. ಅದಕ್ಕೆ 'ಗಾಳಿ' ಎಂದು ಹೆಸರಿಟ್ಟಳು. ಕಂಪೈಲರ್ ಒಪ್ಪಿತು. ಪ್ರೋಗ್ರಾಮ್ ಇಳಿಯಿತು. ಮೇನ್ ಸ್ವಿಚ್ ಹಾಕಿದಳು. ಡಬ್ಬಿಯ ಹಸಿರು ದೀಪ ಮಿಟುಕಿತು, ಟಕ್ ಎಂದಿತು, ಹಿರಿಯಾಕೆಯ ಸೊಂಟದ ಚೀಲದಲ್ಲಿ ಫೋನ್ ಹೊಡೆದುಕೊಂಡಿತು.

ಆಕೆ ಅದನ್ನು ಎತ್ತಿ ಕಿವಿಗೆ ಹಿಡಿದು, ನನ್ನ ಮುಖವನ್ನೇ ನೋಡುತ್ತ, "ಹೂಂರೀ. ಬಂದೇರಿ," ಅಂದಳು.

ಕಿರಿಯಾಕೆ ಗೋಡೆಯ ಮೂಲೆಯಲ್ಲಿ ಒರಗಿಸಿದ್ದ ಕುಡಗೋಲಿನ ಕಡೆ ನೋಡಿದಳು. ತಂಗಿ ಡಬ್ಬಿಗೆ ಬೆನ್ನು ಕೊಟ್ಟು ನಿಂತಳು.

ಹಿರಿಯಾಕೆ ತನ್ನ ವಾಲ್ವ್ ತೆರೆಯಲು ಬದುವಿನ ಮೇಲೆ ನಡೆದು ಹೋದಳು. ಹತ್ತಿಯ ಸಾಲಿನಲ್ಲಿ ಕಾಲಿಟ್ಟಳು. ನಿಂತಳು. ಮುಂದಿನ ಸಾಲಿನಲ್ಲಿ ಕಾಲಿಟ್ಟಳು. ಮತ್ತೆ ನಿಂತಳು. ಅಮಾವಾಸ್ಯೆಯಿಂದ ಎರಡು ಹೊಲದ ನೀರು ಒಂದೇ ಹೊಲ ಕುಡಿದಿತ್ತು. ಗಿಡಗಳ ಬುಡದಲ್ಲಿ ಹೂ ಉದುರಿ ಕೆಸರಿನಲ್ಲಿ ಅಂಟಿದ್ದವು. ಆಕೆ ಬಗ್ಗಿ ಒಂದೆರಡು ಹೂ ಎತ್ತಿ ನೋಡಿ, ವಾಲ್ವ್ ಮುಟ್ಟದೆ ವಾಪಸ್ ಬಂದಳು.

"ಇವತ್ತಿನ ಪಾಳಿ ಈಕಿ ತಗೊಳ್ಳಲಿ," ಅಂದಳು. "ದೊಡ್ಡಾಕಿ ಅದೀನಿ. ಒಂದಿನ ಬಿಟ್ಟುಕೊಟ್ರ ಏನ್ ಕಡಿಮಿ ಆಗಾಂಗಿಲ್ಲ."

"ಬಿಟ್ಟುಕೊಡಾಕತ್ತಾಳಂತ! ಮೊಣಕಾಲತನ ಕೆಸರು ನೋಡ್ರಿ ಟೀಚರಮ್ಮಾ! ಹತ್ತಿ ಈಜಾಡಾಕತ್ತೈತಿ!"

"ಬ್ಯಾಡಾದ್ರ ಹೇಳು."

"ಬ್ಯಾಡ ಅಂದೆನೇನು ನಾ?"

ತಂಗಿ ಮತ್ತೆ ಯಾರೂ ಮನಸ್ಸು ಬದಲಿಸುವ ಮೊದಲೇ ಡಬ್ಬಿಯೊಳಗಿನ ಗುಂಡಿ ಒತ್ತಿ ಪಾಳಿ ದಾಟಿಸಿದಳು. ಅದು ಮರೆಯದ ಜಾಗದಲ್ಲಿ ಬರೆದುಕೊಂಡಿತು. ಆಮೇಲೆ ಆಕೆ ಮೇನ್ ಸ್ವಿಚ್ ಕೆಳಗೆ ಎಳೆದಳು. ಹಸಿರು ದೀಪ ಆರಿತು. ನಾವು ನಾಲ್ಕು ಜನ ಆರಿದ ದೀಪವನ್ನು ನೋಡುತ್ತ ನಿಂತೆವು. ತಂಗಿಯ ತುಟಿ ಅಲ್ಲಾಡುತ್ತಿತ್ತು. ದುವಾ ಇರಬೇಕು, ಪ್ರೋಗ್ರಾಮೂ ಇರಬಹುದು. ಸ್ವಿಚ್ ಮೇಲೆ ಹಾಕಿದಳು.

ಹೊಡೆದುಕೊಂಡದ್ದು ಕಿರಿಯಾಕೆಯ ಫೋನು. ಆಕೆ ತೆಗೆದು ಕೈಯಲ್ಲಿ ಹಿಡಿದುಕೊಂಡಳು, ಎತ್ತಲಿಲ್ಲ. ಅದು ಬಡಿದುಕೊಳ್ಳುತ್ತಲೇ ಇತ್ತು.

"ಎತ್ತಬೇ!" ಅಂದಳು ಹಿರಿಯಾಕೆ.

"ಇರು. ಕೇಳ್ಲಿ ಎಲ್ಲಾರಿಗೂ."

ಗೋಡೆಗೆ ಡಬ್ಬಿ ಕೂತಿತು. ತಂಗಿ ಫೋಟೋ ತೆಗೆದು ಅಣ್ಣನಿಗೆ ಕಳಿಸಿದಳು. ಬಸ್ಸಿನಲ್ಲಿ ಉತ್ತರ ಬಂತು: ಎಡಗಡೆ ಕೆಳಗಿನ ಸ್ಕ್ರೂ ಇಲ್ಲ. ಅದು ಬಿಟ್ಟು ಬೇರೇನೂ ಬರೆದಿರಲಿಲ್ಲ. ಟೇಬಲ್ ಉಳಿದಿದೆ ಎಂದು ನಮಗೆ ಹಾಗೆ ತಿಳಿಯಿತು. ಹೆಂಡತಿಯ ತಮ್ಮ ನನ್ನ ಕಟ್ಟೆಯ ಮೇಲೆ ಕೊಡೆ ಹಾಕಿಕೊಂಡು ರೀಚಾರ್ಜ್ ಶುರು ಮಾಡಿದ. ಚಪ್ಪಲಿ ಅಂಗಡಿಯವರು ಮೂರನೆಯ ಸಲ ಬಂದಾಗ ತಂಗಿ ಟೇಬಲ್ ಬಿಟ್ಟು ಎದ್ದು ಬರಲಿಲ್ಲ, ಕೈಯಲ್ಲಿ ಕಾದ ಕಡ್ಡಿ ಇದೆ ಎಂದು ಹೇಳಿಕಳಿಸಿದಳು. ಅವರು ಚಹಾ ಕುಡಿದು ಹೋದರು.

ಆದರೆ ಉಳಿಸಿಕೊಂಡ ಟೇಬಲಿನಲ್ಲಿ ಆಕೆ ಬಹಳ ದಿನ ಕೂರಲಿಲ್ಲ. ನೆಗೆಣ್ಣಿಯರು ಇಬ್ಬರೂ ತಮ್ಮ ತಮ್ಮ ತವರಿನಲ್ಲಿ ಡಬ್ಬಿಯ ಸುದ್ದಿ ಹೇಳಿದ್ದರು. ಒಬ್ಬಾಕೆ ತಾನು ಪಾಳಿ ಬಿಟ್ಟುಕೊಟ್ಟ ಕಥೆಯಾಗಿ, ಇನ್ನೊಬ್ಬಾಕೆ ತಾನು ಕಿತ್ತುಕೊಂಡ ಕಥೆಯಾಗಿ. ಒಂದು ಬೋರಿಗೆ ಇಬ್ಬರು, ಮೂವರು ಪಾಲುದಾರರು ಇರುವುದೆಲ್ಲ ಆ ಒಣಭೂಮಿಯ ಕಡೆ. ನಮ್ಮ ಪಕ್ಕದ ಸಾಲಗುಂದದ ಕಡೆಯವರಿಗೆ ಕಾಲುವೆ ಇದೆ, ಪಾಳಿ ಡಬ್ಬಿ ಯಾಕೆ ಬೇಕು? ಗಿರಾಕಿಗಳು ದಿನಾ ಬಸ್ ಹತ್ತಿ ಬರುವುದಕ್ಕಿಂತ ತಾನೇ ಅತ್ತ ಹೋಗುವುದು ಮೇಲು ಎಂದು ಮಸ್ಕಿಯಲ್ಲಿ ಒಂದು ಮಳಿಗೆ ಹಿಡಿದಳು. ಅಣ್ಣ ಬಹಳ ಗೊಣಗಿದ. ಟೇಬಲನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ, ಮಳಿಗೆಯ ನೆಲ ಓರೆ ಇದೆ ಎಂದು ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟು ಬಂದವನೂ ಅವನೇ. ಹೋಗುವ ಮೊದಲು ಆಕೆ ನನ್ನ ಲ್ಯಾಪ್‌ಟಾಪಿನಲ್ಲಿ ಕಂಪೈಲರ್ ಹಾಕಿಕೊಟ್ಟಳು. ನಾನು ಆಗಾಗ ಏನಾದರೂ ಬರೆದು ಸೆಮಿಕೋಲನ್ ಬಿಟ್ಟು ನೋಡುತ್ತೇನೆ. ಅದು ಇನ್ನೂ ಬಿಡುವುದಿಲ್ಲ.

ಆಕೆಯನ್ನು ಕೊನೆಯ ಸಲ ನೋಡಿದ್ದು ಕಳೆದ ಬೇಸಿಗೆಯಲ್ಲಿ. ನಾನು ಲಿಂಗಸುಗೂರಿಗೆ ಕಣ್ಣಿನ ಡಾಕ್ಟರ ಬಳಿ ಹೊರಟಿದ್ದೆ. ಬಸ್ ಮಸ್ಕಿಯಲ್ಲಿ ನಿಂತಿತ್ತು. ಕಿಟಕಿಯಿಂದ ನೋಡಿದರೆ ಆಕೆ ಸ್ಕೂಟಿಯ ಮೇಲೆ, ಕಾಲುಗಳ ನಡುವೆ ಒಂದು ಡಬ್ಬಿ, ತಲೆಯ ಮೇಲೆ ದುಪಟ್ಟಾ, ಅದರೊಳಗೆ ಫೋನ್ ಸಿಕ್ಕಿಸಿಕೊಂಡು ಯಾರಿಗೋ, "ಕರೆಂಟ್ ಹೋಗ್ಲಿ ಬಿಡ್ರಿ, ಏನ್ ಆಗಾಂಗಿಲ್ಲ," ಅನ್ನುತ್ತಿದ್ದಳು. ನಾನು ಕೈ ಹೊರಗೆ ಹಾಕಿ ಬೀಸಿದೆ. ಗುರುತು ಹಿಡಿದು ನಕ್ಕಳು, ಏನೋ ಕೂಗಿದಳು, ಹಾರನ್ನಿನಲ್ಲಿ ಕೇಳಿಸಲಿಲ್ಲ. ಸ್ಕೂಟಿಯನ್ನು ಕಿಟಕಿಯ ಹತ್ತಿರಕ್ಕೆ ತಂದು ಮತ್ತೆ ಹೇಳಿದಳು.

"ಕೈ ಒಳಗ ತಗೋರಿ ಟೀಚರಮ್ಮಾ! ಲಾರಿ ಬರಾಕತ್ತೈತಿ!"

ತೆಗೆದುಕೊಂಡೆ. ಲಾರಿ ಬಂತು, ನಡುವೆ ನಿಂತಿತು. ಅದು ಹೋಗುವುದರೊಳಗೆ ನಮ್ಮ ಬಸ್ ಬಿಟ್ಟಿತ್ತು.